ಉದ್ದ ಸುತ್ತು, ಗಿಡ್ಡ ಸುತ್ತು

ಮಾರ್ಚ್ ೪, ಸೋಮವಾರ

ನನ್ನ ಕೇಬಲ್ ಇವತ್ತು ಪರೀಕ್ಷೆಗೆ ಹೋಯಿತು. ಮೂರೂವರೆ ಮೀಟರಿನ ತುಂಡು, ಉಕ್ಕಿನ ಕೊಳವೆಯೊಳಗೆ ಒಂಬೈನೂರು ತಂತಿ. ಮೂರು ತಂತಿ ಹೊಸೆದು ಒಂದು ಹುರಿ, ಆ ಹುರಿಗಳನ್ನು ಸೇರಿಸಿ ಇನ್ನೊಂದು ಹುರಿ, ಹೀಗೆ ಐದು ಹಂತ. ಒಂದು ತಂತಿಯ ಮೇಲೂ ಉಗುರು ತಾಗಿದಷ್ಟು ಗೀರಿಲ್ಲ. ನಮ್ಮ ಮೆಕ್ಯಾನಿಕ್ ಎಣ್ಣೆಯಣ್ಣ ಟ್ರಾಲಿ ತಳ್ಳುತ್ತಾ, "ದೊಡ್ಡಕ್ಕಾ, ಮಗಳನ್ನ ಕಳಿಸಿಕೊಡೋ ಹಾಗೆ ನಿಂತಿದ್ದೀಯಲ್ಲ" ಎಂದ. ಎಣ್ಣೆಡಬ್ಬಿ ಇಲ್ಲದೆ ಅವನನ್ನು ಕಂಡವರಿಲ್ಲ. ಇವತ್ತು ಅದು ಕಂಕುಳಲ್ಲಿತ್ತು. "ಮಗಳಾಗಿದ್ರೆ ಇಷ್ಟು ನೇರ ಎಲ್ಲಿರ್ತಿದ್ಲು" ಎಂದೆ.

ನನ್ನ ಯಜಮಾನರು ಬಸ್ಸಿನ ಪಾಳಿ ಮುಗಿಸಿ ಬಂದು, ಸಮವಸ್ತ್ರ ಬಿಚ್ಚುವ ಮೊದಲೇ, "ನಿನ್ನ ಹಗ್ಗ ಹೋಯ್ತಾ?" ಎಂದು ಕೇಳಿದರು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾಯಿತು, ಇವರಿಗೆ ಇನ್ನೂ ಅದು ಹಗ್ಗವೇ. ಮತ್ತೆ ಹೇಳಿದೆ. ಇನ್ನು ಕೆಳಗಿಳಿಯಲು ಜಾಗವೇ ಇಲ್ಲದ ಚಳಿಯ ತಳ ಅಂತ ಒಂದಿದೆ. ಅದರಿಂದ ಬರೀ ನಾಲ್ಕೈದು ಡಿಗ್ರಿ ಮೇಲೆ ಇಟ್ಟರೆ ಈ ತಂತಿಯಲ್ಲಿ ಕರೆಂಟು ಒಂದಿಷ್ಟೂ ತಡೆಯಿಲ್ಲದೆ ಹರಿಯುತ್ತದೆ. ಸುರುಳಿ ಸುತ್ತಿದರೆ ಮನೆಯಷ್ಟು ದೊಡ್ಡ ಅಯಸ್ಕಾಂತವಾಗುತ್ತದೆ. "ತಳದಿಂದ ಎಷ್ಟು ಡಿಗ್ರಿ ಮೇಲೆ ಬಂದ್ರೂ ಸೋಲದೆ ನಿಲ್ಲುತ್ತೋ, ಅದೇ ಅದರ ಅಂಕ. ನಂದು ಆರೂವರೆ ದಾಟುತ್ತೆ, ನೋಡ್ತಿರಿ."

"ಯಾರ ಹೆಂಡ್ತಿ ಅಂದ್ಕೊಂಡಿದ್ದಾರೆ" ಎಂದರು.

ಮಾರ್ಚ್ ೬, ಬುಧವಾರ

ಆರು ಪಾಯಿಂಟ್ ಎಂಟು! ನಿರ್ದೇಶಕರು ತಾವಾಗಿ ಹೊಸೆಯುವ ಶೆಡ್ಡಿಗೆ ನಡೆದು ಬಂದು ನನ್ನ ಕೈ ಕುಲುಕಿದರು. ಕೈಯಲ್ಲಿ ಗ್ರೀಸಿತ್ತು, ಅವರು ನೋಡಿಕೊಳ್ಳಲಿಲ್ಲ; ಆಮೇಲೆ ಬಿಳಿ ಅಂಗಿಯ ಜೇಬಿಗೆ ಕೈ ಹಾಕಿದರು. ಎಣ್ಣೆಯಣ್ಣ ಗೋಡೆಗೆ ತಿರುಗಿ ನಕ್ಕ.

ಈ ಕೇಬಲ್ಲಿನ ಸುತ್ತು ನನ್ನದು ಎಂಬುದು ಈಗ ಯಾರಿಗೂ ನೆನಪಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಮೊದಲ ಹಂತದ ಹುರಿಗೆ ನಾಲ್ಕು ಸೆಂಟಿಮೀಟರಿಗೊಂದು ಸುತ್ತಿತ್ತು. ತಂತಿ ತರಚುತ್ತಿತ್ತು, ತುಂಡಾಗುತ್ತಿತ್ತು. ಆರೂವರೆ ಸೆಂಟಿಮೀಟರಿಗೆ ಏರಿಸಿ ನೋಡೋಣ ಎಂದವಳು ನಾನು. ಆಗಿನ ಮುಖ್ಯಸ್ಥರು ಒಪ್ಪಿದರು. ತರಚು ನಿಂತಿತು, ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯತೊಡಗಿತು, ನಕ್ಷೆಯೇ ಬದಲಾಯಿತು. ಅವತ್ತು ಮನೆಗೆ ನಡೆದು ಬರುವಾಗ ನೆಲ ಕಾಲಿಗೆ ತಾಗುತ್ತಿರಲಿಲ್ಲ.

ಪರೀಕ್ಷೆಯ ಕೋಣೆಯ ಹೊಸಬಳು ಮಾತ್ರ ಹುಂ ಅನ್ನಲಿಲ್ಲ. ಮೂವತ್ತೈದರ ಆಸುಪಾಸು, ದೊಡ್ಡ ಓದು, ಬಂದು ಆರು ತಿಂಗಳಾಗಿದೆ. "ಇದು ಮೊದಲನೇ ಅಳತೆ ಅಷ್ಟೇ ಮೇಡಂ. ಇನ್ನು ಹೇರಿ ಇಳಿಸಿ ನೋಡ್ಬೇಕು" ಎಂದಳು. ಹೇರುವುದೆಂದರೆ ಪೂರ್ತಿ ಕರೆಂಟು ಬಿಡುವುದು. ಆಗ ಅಯಸ್ಕಾಂತದ ಬಲ ಒಂಬೈನೂರು ತಂತಿಗಳನ್ನೂ ಕೊಳವೆಯ ಒಂದು ಪಕ್ಕಕ್ಕೆ ಒತ್ತುತ್ತದೆ. ಇಳಿಸಿದರೆ ಬಿಡುತ್ತದೆ. ಮುಂಚಿನವರು ಹತ್ತು ಸಲ ಹೇರಿ ಸಹಿ ಹಾಕುತ್ತಿದ್ದರು. ಇವಳಿಗೆ ಸಾವಿರ ಬೇಕಂತೆ. ಹೇರಲಿ, ಯಾರು ಬೇಡ ಅಂದರು?

ಮಾರ್ಚ್ ೧೨, ಮಂಗಳವಾರ

ಇನ್ನೂರು ಸಲ ಹೇರಿದಾಗ ಆರು ಪಾಯಿಂಟ್ ಆರು. ಆರುನೂರಕ್ಕೆ ಆರು ಪಾಯಿಂಟ್ ಎರಡು. ಸಾವಿರಕ್ಕೆ ಐದು ಪಾಯಿಂಟ್ ಏಳು. ಆರಕ್ಕಿಂತ ಕೆಳಗೆ ಬಂದರೆ ನಪಾಸು. ಗೆರೆ ಇನ್ನೂ ಇಳಿಯುತ್ತಲೇ ಇತ್ತು.

ಪರೀಕ್ಷೆಯೇ ತಪ್ಪು.

ಮಾರ್ಚ್ ೧೩, ಬುಧವಾರ

ಪರೀಕ್ಷೆ ತಪ್ಪಲ್ಲವಂತೆ. ತಾಪ ಅಳೆಯುವ ಕಡ್ಡಿಗಳನ್ನು ಎರಡು ಸಲ ಬದಲಾಯಿಸಿ ನೋಡಿದಳಂತೆ. ಸಾವಿರ ಸಲ ಗುದ್ದಿದರೆ ಯಾರ ಬೆನ್ನು ತಾನೇ ನೆಟ್ಟಗಿರುತ್ತದೆ? ಬರೆಯಲು ಮನಸ್ಸಿಲ್ಲ.

ಮಾರ್ಚ್ ೨೧, ಗುರುವಾರ

ಸಭೆ. ಉದ್ದ ಮೇಜಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಹೊಸಬಳು, ನಡುವೆ ಟೈ ಕಟ್ಟಿದವರು. ಒಬ್ಬರು, "ಹೊಸೆಯುವಾಗಲೇ ತಂತಿಗೆ ಪೆಟ್ಟಾಗಿರಬಹುದಲ್ಲ?" ಎಂದರು. ನನ್ನ ಕಿವಿ ಬಿಸಿಯಾಯಿತು. "ನನ್ನ ಯಂತ್ರದಿಂದ ಗೀರು ಬಿದ್ದ ತಂತಿ ಹೊರಗೆ ಹೋಗಲ್ಲ ಸಾರ್" ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು.

ಆಗ ಅವಳು, "ಊಹೆ ಯಾಕೆ? ಕೊಯ್ದು ನೋಡೋಣ" ಎಂದಳು.

ನನ್ನ ಕೇಬಲ್ಲನ್ನು ಕೊಯ್ಯುತ್ತಾಳಂತೆ! ಒಂದೊಂದೇ ತಂತಿ ಹೊರಗೆಳೆದು ಸೂಕ್ಷ್ಮದರ್ಶಕದ ಕೆಳಗಿಡುತ್ತಾಳಂತೆ. ಇವಳಿಗೆ ಗರಗಸದಮ್ಮ ಎಂದು ಹೆಸರಿಟ್ಟಿದ್ದೇನೆ. ಎಣ್ಣೆಯಣ್ಣನಿಗೆ ಹೇಳಿದೆ, ಸಂಜೆಯೊಳಗೆ ಶೆಡ್ಡೆಲ್ಲ ಅದೇ ಹೆಸರು.

ನಿರ್ದೇಶಕರು ಕೊನೆಗೆ ಹೇಳಿದ್ದು ಬೇರೆ. ಇನ್ನೊಂದೇ ತುಂಡಿಗೆ ಅವಕಾಶ. ಅದೂ ಸೋತರೆ ಕೆಲಸ ಬೇರೆ ಕಾರ್ಯಾಗಾರಕ್ಕೆ ಹೋಗುತ್ತದೆ, ನಮ್ಮ ಹೊಸೆಯುವ ಶೆಡ್ಡಿಗೆ ಬೀಗ ಬೀಳುತ್ತದೆ. ಶೆಡ್ಡಿನಲ್ಲಿ ನನ್ನನ್ನು ಬಿಟ್ಟು ಹದಿನಾಲ್ಕು ಜನ ಇದ್ದಾರೆ.

ಏಪ್ರಿಲ್ ೨, ಮಂಗಳವಾರ

ಕೊಯ್ಯುವಾಗ ನಾನೂ ಇರುತ್ತೇನೆಂದು ಹಟ ಮಾಡಿದ್ದೆ. ಹೋದೆ. ಬೆಳಗಿನಿಂದ ಮೂರು ಗಂಟೆ ಕೊಳವೆ ಬಿಡಿಸುವುದೇ ಆಯಿತು. ಗರಗಸದಮ್ಮ ಕೈಗೆ ಬಟ್ಟೆಯ ಗವಸು ಹಾಕಿಕೊಂಡು, ಹಸುಗೂಸಿನ ಬಟ್ಟೆ ಬಿಚ್ಚುವಂತೆ ಉಕ್ಕನ್ನು ತೆಗೆದಳು. ಒರಟು ಕೈಯವಳಲ್ಲ, ಅಷ್ಟು ಹೇಳಬೇಕು.

ಹೊಸೆಯುವಾಗ ಈ ತಂತಿ ಬಳುಕುತ್ತದೆ. ಹೊಸೆದಾದ ಮೇಲೆ ಐದು ವಾರ ಒಲೆಯಲ್ಲಿ ಬೇಯಿಸುತ್ತಾರೆ. ಆಗ ಅದಕ್ಕೆ ತಡೆಯಿಲ್ಲದೆ ಹರಿಸುವ ಗುಣ ಬರುತ್ತದೆ, ಜೊತೆಗೇ ಗಾಜಿನ ಗುಣವೂ ಬರುತ್ತದೆ. ಸಾವಿರದಲ್ಲಿ ಎರಡು ಪಾಲು ಹಿಗ್ಗಿದರೆ ಸಾಕು, ಶಕ್ತಿ ಇಳಿಯುತ್ತದೆ. ಇನ್ನೂ ಹಿಗ್ಗಿದರೆ ಒಳಗೇ ಬಿರಿಯುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ, ಆದರೆ ಕಣ್ಣಲ್ಲಿ ನೋಡಿರಲಿಲ್ಲ.

ನೂರ ಇಪ್ಪತ್ತು ತಂತಿ ನೋಡಿದೆವು. ಒಂದರಲ್ಲೂ ಗೀರಿಲ್ಲ. "ನಿಮ್ಮ ಕೈ ಚೊಕ್ಕ ಮೇಡಂ, ಇಷ್ಟು ಚೊಕ್ಕ ನಾನು ಎಲ್ಲೂ ನೋಡಿಲ್ಲ" ಎಂದಳು. ಹೆಮ್ಮೆಯಿಂದ ಎದೆ ಉಬ್ಬಿತು. ಆಮೇಲೆ, "ಇಲ್ಲಿ ಬನ್ನಿ" ಎಂದು ಸ್ಟೂಲು ಬಿಟ್ಟುಕೊಟ್ಟಳು.

ಬಗ್ಗಿ ನೋಡಿದೆ. ಒಂದು ತಂತಿ ಇನ್ನೊಂದರ ಮೇಲೆ ಹಾಯುವ ಕಡೆ ಆಸರೆ ಸಿಗುತ್ತದೆ. ಮುಂದಿನ ಆಸರೆ ಬರುವವರೆಗೆ ಅದು ಕಂಬದಿಂದ ಕಂಬಕ್ಕೆ ಕಟ್ಟಿದ ತಂತಿಯಂತೆ ಖಾಲಿ ಜಾಗದಲ್ಲಿ ನಿಂತಿದೆ. ಒತ್ತಿದಾಗಲೆಲ್ಲ ಅಲ್ಲೇ ಬಾಗಿದೆ. ಬಾಗಿದ ಹೊರಮೈಯಲ್ಲಿ ಕೂದಲಿನಂಥ ಬಿರುಕು, ಒಂದರ ಪಕ್ಕ ಒಂದು. ಪ್ರತಿ ತಂತಿಯಲ್ಲೂ ಅದೇ ಕಡೆ.

"ಆಸರೆಗಳ ನಡುವೆ ದೂರ ಜಾಸ್ತಿ ಆಯ್ತು. ಸುತ್ತು ತುಂಬಾ ಉದ್ದ" ಎಂದಳು.

ನಾನು ಸ್ಟೂಲಿನಿಂದ ಏಳಲಿಲ್ಲ. ಕಣ್ಣು ತೆಗೆದರೆ ಅವಳು ನನ್ನ ಮುಖ ನೋಡುತ್ತಾಳಲ್ಲ.

ಏಪ್ರಿಲ್ ೪, ಗುರುವಾರ

ಮತ್ತೆ ಸಭೆ. ಸುತ್ತು ಆರೂವರೆ ಸೆಂಟಿಮೀಟರ್ ಯಾಕಿದೆ ಎಂದು ಕೇಳಿದರು. ಕಡತ ತೆಗೆದರು. ನಕ್ಷೆಯ ಮೂಲೆಯಲ್ಲಿ "ಅನುಭವದ ಮೇರೆಗೆ" ಎಂದಷ್ಟೇ ಬರೆದಿತ್ತು. ಯಾರ ಅನುಭವ? ಅದರಲ್ಲಿರಲಿಲ್ಲ. ಹಳೆಯ ಮುಖ್ಯಸ್ಥರು ತೀರಿಕೊಂಡು ಎಂಟು ವರ್ಷವಾಯಿತು. "ಅವರದ್ದೇ ಇರಬೇಕು" ಎಂದರು ಯಾರೋ. ಎಲ್ಲರೂ ತಲೆಯಾಡಿಸಿದರು.

ಮುಂಚಿನ ಕೇಬಲ್ಲುಗಳೆಲ್ಲ ಸಣ್ಣ ಅಯಸ್ಕಾಂತಗಳಿಗೆ ಹೋದವು, ಒತ್ತುವ ಬಲ ಇದರ ಕಾಲು ಭಾಗವೂ ಇರಲಿಲ್ಲ. ಅವುಗಳಿಗೆ ಆರೂವರೆ ಸರಿಯಾಗಿತ್ತು. ತಪ್ಪಲ್ಲ. ಅವತ್ತಿಗೆ ತಪ್ಪಲ್ಲ.

ಏಪ್ರಿಲ್ ೫, ಶುಕ್ರವಾರ

ತಲೆನೋವೆಂದು ರಜೆ ಹಾಕಿದೆ. ಕಪಾಟಿನ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ತಿಕ್ಕಿದೆ.

ಏಪ್ರಿಲ್ ೮, ಸೋಮವಾರ

ನಿನ್ನೆ ಮಧ್ಯಾಹ್ನ ಇವರು ಊಟಕ್ಕೆ ಕೂತವರು, "ಹಗ್ಗದ ಸುದ್ದೀನೇ ಇಲ್ಲ ನಾಲ್ಕು ದಿನದಿಂದ" ಎಂದರು. ಹೇಳಿದೆ, ಎಲ್ಲವನ್ನೂ. ಸತ್ತವರ ತಲೆಗೆ ಕಟ್ಟಿದ್ದಾರೆ, ನಾನು ಸುಮ್ಮನಿದ್ದೇನೆ ಎಂದೂ ಹೇಳಿದೆ. ಸಮಾಧಾನದ ಮಾತು ಬರುತ್ತದೆಂದು ಕಾದೆ.

"ಅವತ್ತು ಆರೂವರೆ ಅಂತ ನೀನು ಹೇಳಿದ್ದಕ್ಕೆ ಇಡೀ ಡಿಪೋಗೆ ನಾನು ಚಹಾ ಕೊಡಿಸಿದ್ದೆ" ಎಂದರು. "ನನ್ನ ಹೆಂಡ್ತಿ ನಂಬರು ಅಂತ. ಈಗ ಅದು ಬೇರೆಯವರ ನಂಬರಾ?"

"ಬೀಗ ಬಿದ್ರೆ ಹದಿನಾಲ್ಕು ಜನ ನನ್ನನ್ನೇ ಬೈತಾರೆ."

"ಬೈಲಿ. ಬಸ್ಸು ಲೇಟಾದ್ರೆ ನನ್ನನ್ನೂ ಬೈತಾರೆ. ಸತ್ತೋಗಿದೀನಾ?"

ಇವತ್ತು ಬೆಳಿಗ್ಗೆ ನಿರ್ದೇಶಕರ ಕೋಣೆಗೆ ಹೋದೆ. ಗರಗಸದಮ್ಮನೂ ಅಲ್ಲೇ ಇದ್ದಳು. ಕೂರದೆ ಹೇಳಿದೆ: "ಆರೂವರೆ ನನ್ನದು ಸಾರ್. ಹಳೇ ಮುಖ್ಯಸ್ಥರದ್ದಲ್ಲ. ತಂತಿ ತರಚಬಾರದು ಅಂತ ನಾನೇ ಏರಿಸಿದ್ದು. ಒತ್ತಿದಾಗ ಏನಾಗುತ್ತೆ ಅಂತ ಆಗ ಯಾರೂ ನೋಡ್ಲಿಲ್ಲ, ನಾನೂ ಕೇಳ್ಲಿಲ್ಲ."

ನಿರ್ದೇಶಕರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿ ಮುಗಿಯಲೇ ಇಲ್ಲ. ಮಾತಾಡಿದವಳು ಅವಳು. "ಹಾಗಾದ್ರೆ ಒಳ್ಳೇದಾಯ್ತು! ಯಾಕೆ ಏರಿಸಿದ್ರಿ, ಎಷ್ಟಕ್ಕೆ ತರಚ್ತಿತ್ತು, ಎಲ್ಲಿ ತರಚ್ತಿತ್ತು, ಎಲ್ಲ ನಿಮಗೆ ಗೊತ್ತು. ನನಗೆ ಎರಡು ಸೆಂಟಿಮೀಟರಿನ ಸುತ್ತು ಬೇಕು. ಅದನ್ನ ಹೊಸೆಯೋಕೆ ಆಗುತ್ತಾ ಇಲ್ವಾ ಅಂತ ಹೇಳಬಲ್ಲವರು ಯಾರಪ್ಪಾ ಅಂತ ವಾರದಿಂದ ಹುಡುಕ್ತಿದ್ದೆ."

ಎರಡು! ಆಗಲ್ಲ ಎಂದೆ. ಆಗಲೇಬೇಕು ಎಂದಳು. ನೋಡ್ತೀನಿ ಎಂದೆ.

ಮಧ್ಯಾಹ್ನ ಊಟದ ಡಬ್ಬಿ ಪೂರ್ತಿ ಖಾಲಿ ಮಾಡಿದೆ.

ಏಪ್ರಿಲ್ ೧೮, ಗುರುವಾರ

ತಾಮ್ರದ ತಂತಿಯಲ್ಲಿ ಏಳು ಸಲ ಅಭ್ಯಾಸ. ಏಳೂ ಹಾಳು. ಸುತ್ತು ಗಿಡ್ಡವಾದರೆ ತಂತಿ ಕಡಿದಾಗಿ ತಿರುಗಬೇಕು. ಎಲ್ಲ ತಂತಿಗಳೂ ಒಂದಾಗಿ ನುಗ್ಗುವ ಉಕ್ಕಿನ ಬಾಯಿಯ ಅಂಚಿಗೆ ತಾಗಿ ಮೈಯೆಲ್ಲ ತರಚಿಕೊಳ್ಳುತ್ತದೆ. ಹತ್ತೊಂಬತ್ತು ವರ್ಷದ ಹಿಂದಿನ ಅದೇ ಗೀರು, ಅದೇ ಜಾಗ. ನಾನು ಅದರಿಂದ ಓಡಿ ಬಂದಿದ್ದೆ ಅಷ್ಟೇ, ಗೆದ್ದಿರಲಿಲ್ಲ.

ಗರಗಸದಮ್ಮ, ಅಲ್ಲ, ಅಳತೆಯವಳು ದಿನಾ ಶೆಡ್ಡಿಗೆ ಬರುತ್ತಾಳೆ. ಗೀರುಗಳನ್ನು ಎಣಿಸಿ ಬರೆದುಕೊಳ್ಳುತ್ತಾಳೆ. ಇವತ್ತು ನನ್ನ ಪಕ್ಕದ ಡಬ್ಬದ ಮೇಲೆ ಕೂತು, "ಯಂತ್ರದ ಸದ್ದು ಕೇಳಿ ಗೀರು ಬೀಳೋದು ಗೊತ್ತಾಗುತ್ತಾ ನಿಮಗೆ?" ಎಂದಳು. ಕಣ್ಣು ಮುಚ್ಚಿ ತೋರಿಸಿದೆ. "ಈಗ... ಈಗ ಒಂದು... ಮತ್ತೆ ಈಗ." ನಿಲ್ಲಿಸಿ ನೋಡಿದರೆ ಮೂರಕ್ಕೆ ಮೂರೂ ಸರಿ. ಅವಳು ಹಾ ಎಂದು ಬಾಯಿ ತೆರೆದುಕೊಂಡೇ ಇದ್ದಳು. ಎಣ್ಣೆಯಣ್ಣ, "ನೊಣ ಹೋದೀತು ತಾಯಿ, ಮುಚ್ಕೊಳ್ಳಿ" ಎಂದ.

ಮೇ ೯, ಗುರುವಾರ

ಇಷ್ಟು ದಿನ ಬರೆಯಲು ಪುರಸೊತ್ತಿರಲಿಲ್ಲ. ಉಕ್ಕಿನ ಬಾಯಿಯನ್ನು ಬಿಚ್ಚಿ, ಒಳಗೆ ಹೋಗುವ ಅಂಚನ್ನು ಅಗಲವಾಗಿ, ತುತ್ತೂರಿಯಂತೆ ಕೊರೆಸಿದೆವು. ಆಮೇಲೆ ಎಣ್ಣೆಯಣ್ಣನೂ ನಾನೂ ಆರು ದಿನ ಕೈಯಲ್ಲೇ ಉಜ್ಜಿದೆವು. ಮೊದಲು ಒರಟು ಕಾಗದ, ಆಮೇಲೆ ನಯವಾದದ್ದು, ಕೊನೆಗೆ ಬಟ್ಟೆ ಮತ್ತು ಎಣ್ಣೆ. ಅದರಲ್ಲಿ ನನ್ನ ಹಲ್ಲು ಎಣಿಸುವಷ್ಟು ಹೊಳಪು ಬಂತು. ತಂತಿಯ ಉರುಳೆಗಳ ಬ್ರೇಕು ಎಳೆದೆಳೆದು ಬಿಡುತ್ತಿತ್ತು. ಒಂದೊಂದನ್ನೂ ಬಿಚ್ಚಿ ಮೆತ್ತೆ ಬದಲಾಯಿಸಿ, ಎಲ್ಲದರ ಬಿಗಿಯನ್ನೂ ಸಮ ಮಾಡಿದೆ. ತಕ್ಕಡಿಯಲ್ಲಿ ಅಳೆದು ಕೊಟ್ಟವಳು ಅಳತೆಯವಳು. ನನ್ನ ಕೈ ಅಂದಾಜಿಗೂ ಅವಳ ತಕ್ಕಡಿಗೂ ಎಷ್ಟು ವ್ಯತ್ಯಾಸ ಬಂತು ಎಂದು ಇಲ್ಲಿ ಬರೆಯುವುದಿಲ್ಲ. ಬಂತು, ಅಷ್ಟೇ.

ಇವತ್ತು ನಿಜವಾದ ತಂತಿ ಹಾಕಿದೆವು. ಯಂತ್ರವನ್ನು ಮಾಮೂಲಿನ ಮೂರನೇ ಒಂದು ವೇಗದಲ್ಲಿ ಬಿಟ್ಟೆ. ಹದಿನಾಲ್ಕೂ ಜನ ಕೆಲಸ ಬಿಟ್ಟು ಸುತ್ತ ನಿಂತರು. ಕಿವಿ ಕೊಟ್ಟು ನಿಂತೆ. ಬರೀ ಗುಂಯ್ ಎಂಬ ಸದ್ದು, ಒಂದೇ ಸಮ. ನಾಲ್ಕು ಗಂಟೆ ಹೊತ್ತು ಯಾರೂ ಕೆಮ್ಮಲಿಲ್ಲ.

ಸೊನ್ನೆ ಗೀರು. ಎರಡು ಸೆಂಟಿಮೀಟರಿಗೊಂದು ಸುತ್ತು. ಇಂಥದ್ದನ್ನು ನಾನು ನೋಡಿರಲಿಲ್ಲ. ತಂತಿ ತಂತಿಯ ಹೆಗಲಿಗೆ ಒರಗಿ ನಿಂತಿದೆ, ನಡುವೆ ಗಾಳಿ ಆಡಲೂ ಜಾಗವಿಲ್ಲ. ಅವಳು ಅದರ ಮೇಲೆ ಬೆರಳಾಡಿಸಿ, "ಅಕ್ಕಾ" ಎಂದಳು.

ಜೂನ್ ೨೮, ಶುಕ್ರವಾರ

ಒಲೆ ತೆರೆದರು. ತುಂಡು ನೇರವಾಗಿದೆ. ಇನ್ನು ಅದನ್ನು ಮುಟ್ಟಬಾರದು, ತಟ್ಟಬಾರದು. ಟ್ರಾಲಿ ಹೋಗುವ ದಾರಿಯ ನೆಲವನ್ನು ಎಣ್ಣೆಯಣ್ಣ ತಾನೇ ಗುಡಿಸಿ, ಒಂದೊಂದು ಕಲ್ಲುಚೂರನ್ನೂ ಹೆಕ್ಕಿ ಜೇಬಿಗೆ ಹಾಕಿಕೊಂಡ.

ಜುಲೈ ೧೫, ಸೋಮವಾರ

ಮೊದಲ ಅಳತೆ ಆರು ಪಾಯಿಂಟ್ ಏಳು. ಹಳೆಯದಕ್ಕಿಂತ ಒಂದು ಗೆರೆ ಕಡಿಮೆ. ನಿರ್ದೇಶಕರ ಮುಖ ಸಣ್ಣದಾಯಿತು. "ಇದು ಮೊದಲನೇ ಅಳತೆ ಅಷ್ಟೇ ಸಾರ್, ಹೇರಿ ನೋಡ್ಬೇಕು" ಎಂದೆ.

ಜುಲೈ ೧೯, ಶುಕ್ರವಾರ

ಸಾವಿರ ಮುಗಿಯಿತು. ಇನ್ನೂರಕ್ಕೆ ಆರು ಪಾಯಿಂಟ್ ಏಳು. ಆರುನೂರಕ್ಕೆ ಆರು ಪಾಯಿಂಟ್ ಏಳು. ಸಾವಿರಕ್ಕೆ ಆರು ಪಾಯಿಂಟ್ ಏಳು. ಪರದೆಯ ಮೇಲಿನ ಗೆರೆ ಕಿಟಕಿಯ ಕಟ್ಟೆಯಂತೆ ಮಲಗಿತ್ತು.

ಪರೀಕ್ಷೆಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶೆಡ್ಡಿನವರೆಲ್ಲ ಬಂದಿದ್ದರು. ಎಣ್ಣೆಯಣ್ಣ ಅತ್ತ, ಕಣ್ಣಿಗೆ ಎಣ್ಣೆ ಹೋಯಿತೆಂದ. ನಿರ್ದೇಶಕರು ಭಾಷಣ ಮಾಡಿದರು, ನನ್ನನ್ನು ಮುಂದೆ ಕರೆದರು. ನಾನು ಅವಳನ್ನು ತೋರಿಸಿ, "ಕೊಯ್ದು ನೋಡೋಣ ಅಂದವಳು ಇವಳು. ಇವಳಿಗೆ ಹೇಳಿ" ಎಂದೆ. ಚಪ್ಪಾಳೆ ಬಿದ್ದಾಗ ಅವಳ ಮುಖ ಕೆಂಪಾಯಿತು. ನನ್ನ ಸ್ವಂತ ತಂಗಿಗೇ ಯಾರೋ ಹಾರ ಹಾಕಿದ ಹಾಗಿತ್ತು ನನಗೆ.

ಎಲ್ಲರೂ ಹೊರಟ ಮೇಲೆ ಅವಳು ಯಂತ್ರ ನಿಲ್ಲಿಸಲು ಹೋದಳು.

"ಯಾಕೆ ನಿಲ್ಲಿಸ್ತೀಯಾ?" ಎಂದೆ.

"ಪಾಸಾಯ್ತಲ್ಲಕ್ಕಾ."

"ಪಾಸಾಗಿದ್ದು ಕಾಣ್ತಾ ಇದೆ. ಎಲ್ಲಿ ಸೋಲುತ್ತೆ ಅಂತ ನೋಡೋದು ಬೇಡ್ವಾ? ಇನ್ನೂ ಹೇರು."

"ಸೋತ್ರೆ?"

"ಸೋಲ್ಲಿ. ಸೋತ ಜಾಗ ಗೊತ್ತಾಗುತ್ತಲ್ಲ."

ಅವಳು ನನ್ನನ್ನು ಒಂದು ಥರಾ ನೋಡಿದಳು. ಯಾಕೆಂದು ತಿಳಿಯಲಿಲ್ಲ. ಇನ್ನೆರಡು ವಾರ ಪರೀಕ್ಷೆಯ ಕೋಣೆ ಖಾಲಿಯೇ ಇರುತ್ತದೆ, ತುಂಡನ್ನು ಚಳಿಗೆ ಇಳಿಸಿದ್ದೂ ಆಗಿದೆ. ಇದರಲ್ಲಿ ನೋಡಲು ಏನಿದೆ?

ಆಗಸ್ಟ್ ೨, ಶುಕ್ರವಾರ

ಎರಡು ಸಾವಿರದ ಎಂಟುನೂರಕ್ಕೆ ಇಳಿಯಿತು. ತುಂಬ ಅಲ್ಲ, ಅರ್ಧ ಗೆರೆ. ಮೂರು ಸಾವಿರಕ್ಕೆ ಇನ್ನೊಂಚೂರು. ನಾನೂ ತಂಗಿಯೂ ಒಟ್ಟಿಗೇ ಕಂಡೆವು. ಇಬ್ಬರೂ ಒಟ್ಟಿಗೇ "ಅಲ್ಲಿ!" ಎಂದು ಕೂಗಿದ ರಭಸಕ್ಕೆ ಪಕ್ಕದ ಕೋಣೆಯವರು ಬೆಂಕಿ ಬಿತ್ತೆಂದು ಓಡಿ ಬಂದರು.

ಸಂಜೆ ಬಾಗಿಲು ತೆರೆಯುವಾಗಲೇ ನಾನು ನಗುತ್ತಿದ್ದೆನಂತೆ. ಇವರು ಪಾದರಕ್ಷೆ ಒರೆಸುತ್ತಾ ಕೂತಿದ್ದರು. "ಏನೇ ಸಮಾಚಾರ, ಮತ್ತೆ ಪಾಸಾ?"

"ಇಲ್ಲ, ಫೇಲಾಯ್ತು! ಎರಡು ಸಾವಿರದ ಎಂಟುನೂರಕ್ಕೆ."

"ಫೇಲಾಗಿದ್ದಕ್ಕೆ ಈ ಕುಣಿತಾನಾ? ಮಾರ್ಚ್‌ನಲ್ಲಿ ಫೇಲಾದಾಗ ನನ್ನ ಹತ್ರ ಮೂರು ದಿನ ಮಾತಾಡಿರ್ಲಿಲ್ಲ ನೀನು."

ಮೂರು ದಿನ ಎಲ್ಲಿ, ಒಂದೇ ದಿನ. ಇವರಿಗೆ ಎಲ್ಲವೂ ಹೆಚ್ಚು ಮಾಡಿ ಹೇಳುವ ಚಟ. ಕೈ ಹಿಡಿದು ಕೂರಿಸಿ ಹೇಳಿದೆ: ಇಂಥ ಕೇಬಲ್ಲು ಎಲ್ಲಿಯವರೆಗೆ ತಡೆಯುತ್ತದೆಂದು ಇವತ್ತಿನವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮುಂಚೆ ಹತ್ತಕ್ಕೇ ನಿಲ್ಲಿಸುತ್ತಿದ್ದೆವು, ಈ ಸಲ ಸಾವಿರಕ್ಕೇ ನಿಲ್ಲಿಸುವವರಿದ್ದೆವು. ಈಗ ಗೊತ್ತು. ನೋಡಿದವರು ನಾವು. ನಕ್ಷೆಯ ಮೂಲೆಯಲ್ಲಿ ಈ ಸಲ ಎಲ್ಲವನ್ನೂ ಬರೆಸಿದ್ದೇನೆ: ಯಾವ ಬಿಗಿ, ಯಾವ ವೇಗ, ಎಷ್ಟು ಹೇರಿದ ಮೇಲೆ ಎಷ್ಟು ಇಳಿಯಿತು, ಯಾರು ಹೊಸೆದರು, ಯಾರು ಅಳೆದರು. ನಾಳೆ ಯಾರಾದರೂ ನಮ್ಮದು ತಪ್ಪೆಂದು ಹೇಳಲು ಬಂದರೆ ಅವರಿಗೆ ಹುಡುಕುವ ಕಷ್ಟವಿಲ್ಲ.

ಇವರು ಪಾದರಕ್ಷೆ ಪಕ್ಕಕ್ಕಿಟ್ಟು, "ಡಿಪೋದವರಿಗೆ ಏನಂತ ಹೇಳಿ ಚಹಾ ಕೊಡಿಸ್ಲಿ?" ಎಂದರು.

"ನಮ್ಮ ಕೇಬಲ್ಲು ಫೇಲಾಯ್ತು ಅಂತ್ಲೇ ಹೇಳಿ" ಎಂದೆ.

ಕೊಡಿಸುತ್ತಾರೆ, ಗೊತ್ತು. ಸೋಮವಾರದಿಂದ ಎರಡನೇ ಹಂತದ ಹುರಿಯ ಸುತ್ತು ನೋಡಬೇಕು. ನನ್ನ ಲೆಕ್ಕದಲ್ಲಿ ಅದೂ ಉದ್ದವೇ.